ಸೊಪ್ಪು ತಿಂದರೂ ಹಿಮೋಗ್ಲೋಬಿನ್ ಏರದಿದ್ದರೆ: ಕಬ್ಬಿಣಾಂಶ ಮೈಗೆ ಹತ್ತಲು ಏನು ಮಾಡಬೇಕು, ಯಾವ ಕ್ರಮದಲ್ಲಿ ಮಾಡಬೇಕು

"ದಿನಾ ಬೀಟ್‌ರೂಟ್ ಜ್ಯೂಸ್ ಕುಡೀತಿದ್ದೀನಿ, ಸೊಪ್ಪು ತಿಂತಿದ್ದೀನಿ, ಮಾತ್ರೆನೂ ತಗೊಂಡೆ. ಆದರೂ ಹಿಮೋಗ್ಲೋಬಿನ್ ಒಂಬತ್ತೂವರೆ ದಾಟ್ತಿಲ್ಲ." ಹೀಗೆ ಹೇಳುವವರು ನಮ್ಮಲ್ಲಿ ಒಬ್ಬಿಬ್ಬರಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಿಗೆ ಇದೆ. ಇವರೆಲ್ಲ ಅಸಡ್ಡೆ ಮಾಡಿದವರಲ್ಲ. ಎಷ್ಟೋ ಜನ ಕಷ್ಟಪಟ್ಟು ತಿನ್ನುತ್ತಿದ್ದಾರೆ. ಎಷ್ಟು ಕಬ್ಬಿಣ ತಿಂದೆವು ಎಂದು ಲೆಕ್ಕ ಇಡುತ್ತಾರೆ. ಅದರಲ್ಲಿ ಎಷ್ಟು ಕರುಳು ದಾಟಿ ರಕ್ತಕ್ಕೆ ಸೇರಿತು ಅನ್ನುವುದನ್ನು ಮಾತ್ರ ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ.

ಈ ಮಾರ್ಗದರ್ಶಿ ಅದಕ್ಕಾಗಿ. ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ನೇರವಾಗಿ ಮಾತ್ರೆಗೆ ಹಾರಿದವರೇ ಜಾಸ್ತಿ ಸೋಲುವುದು.

## ಮೈಯೊಳಗೆ ಕಬ್ಬಿಣ ಏನು ಮಾಡುತ್ತದೆ

ದೊಡ್ಡವರ ಮೈಯಲ್ಲಿ ಒಟ್ಟು 3ರಿಂದ 4 ಗ್ರಾಂ ಕಬ್ಬಿಣ ಇರುತ್ತದೆ. ಅದರ ಮೂರನೇ ಎರಡು ಪಾಲು ಕೆಂಪು ರಕ್ತಕಣಗಳ ಹಿಮೋಗ್ಲೋಬಿನ್‌ನಲ್ಲಿರುತ್ತದೆ. ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಮೈಯೆಲ್ಲ ಹಂಚುವುದು ಇದೇ. ಸ್ವಲ್ಪ ಕಬ್ಬಿಣ ಸ್ನಾಯುಗಳಲ್ಲಿರುತ್ತದೆ. ಉಳಿದದ್ದು ಲಿವರ್ ಮತ್ತು ಮೂಳೆಯ ಮಜ್ಜೆಯಲ್ಲಿ ಫೆರಿಟಿನ್ ರೂಪದಲ್ಲಿ ದಾಸ್ತಾನು ಇರುತ್ತದೆ.

ಒಂದು ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಅದು ಒಡೆದಾಗ ಬರುವ ಕಬ್ಬಿಣವನ್ನು ಮೈ ಎಸೆಯುವುದಿಲ್ಲ, ಹೊಸ ಕಣಕ್ಕೆ ಬಳಸಿಕೊಳ್ಳುತ್ತದೆ. ಹಾಗಾಗಿ ದಿನಕ್ಕೆ ಹೊರಹೋಗುವುದು ಸುಮಾರು 1 ಮಿಲಿಗ್ರಾಂ ಮಾತ್ರ. ಮುಟ್ಟಾಗುವ ಹೆಂಗಸರಲ್ಲಿ ಇನ್ನೊಂದಿಷ್ಟು ಹೋಗುತ್ತದೆ. ಅಷ್ಟನ್ನು ಊಟದಿಂದ ತುಂಬಿಕೊಂಡರೆ ಸಾಕು. ಕೇಳಲು ಚಿಕ್ಕ ಲೆಕ್ಕ, ಅಲ್ವಾ? ತೊಂದರೆ ಏನೆಂದರೆ, ಸೊಪ್ಪು, ಕಾಳು, ಧಾನ್ಯದಲ್ಲಿರುವ ಕಬ್ಬಿಣದಲ್ಲಿ ನೂರಕ್ಕೆ ಐದರಿಂದ ಹತ್ತು ಪಾಲು ಮಾತ್ರ ರಕ್ತಕ್ಕೆ ಸೇರುವುದು ಸಾಮಾನ್ಯ. ಅದಕ್ಕೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಶಿಫಾರಸಿನಲ್ಲಿ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ, ಗಂಡಸರಿಗೆ 19 ಮಿಲಿಗ್ರಾಂ ಎಂದು ಅಷ್ಟು ದೊಡ್ಡ ಸಂಖ್ಯೆ ಕೊಟ್ಟಿದೆ.

ಜಠರದಿಂದ ಊಟ ಇಳಿದು ಸಣ್ಣ ಕರುಳಿಗೆ ಬರುವ ಮೊದಲ ತುಂಡು ಜಾಗದಲ್ಲೇ ಹೆಚ್ಚಿನ ಕಬ್ಬಿಣ ಒಳಗೆ ಹೋಗಬೇಕು. ಅಲ್ಲಿಗೆ ಬಂದಾಗ ಅದು ಕರಗಿದ ಸ್ಥಿತಿಯಲ್ಲಿರಬೇಕು. ಇನ್ಯಾವುದಕ್ಕೋ ಅಂಟಿಕೊಂಡಿದ್ದರೆ ಹಾಗೇ ಮುಂದೆ ಸಾಗಿ ಮಲದಲ್ಲಿ ಹೊರಹೋಗುತ್ತದೆ. ಮುಂದಿನ ಹಂತಗಳಲ್ಲಿ ಹೆಚ್ಚಿನವು ಈ ಅಂಟು ಬಿಡಿಸುವ ಕೆಲಸಗಳೇ.

## ಈ ಗುರುತುಗಳಿದ್ದರೆ ಮೊದಲು ಡಾಕ್ಟರ ಹತ್ತಿರ ಹೋಗಿ

ಸುಮ್ನೆ ಕೂತಿದ್ದಾಗಲೂ ಏದುಸಿರು, ಎದೆನೋವು, ಎದೆ ಡವಗುಟ್ಟುವುದು, ತಲೆಸುತ್ತಿ ಬೀಳುವುದು, ಡಾಂಬರಿನಂತೆ ಕಪ್ಪಗೆ ಅಂಟಂಟಾದ ಮಲ, ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆ. ಇವುಗಳಲ್ಲಿ ಒಂದಿದ್ದರೂ ಅಡುಗೆಮನೆಯ ಉಪಾಯಕ್ಕೆ ಕಾಯಬೇಡಿ. ಗರ್ಭಿಣಿಯರು ಯಾವ ಹಂತದಲ್ಲೇ ಇರಲಿ, ಈ ಮಾರ್ಗದರ್ಶಿಯನ್ನು ಡಾಕ್ಟರ ಸಲಹೆಯ ಜೊತೆಗೆ ಬಳಸಿ, ಅದರ ಬದಲಿಗೆ ಅಲ್ಲ.

ಇನ್ನು ಕೆಲವು ಗುರುತುಗಳು ತುರ್ತಿನವಲ್ಲ, ಆದರೆ ಕಬ್ಬಿಣ ಖಾಲಿಯಾಗುತ್ತಿದೆ ಎಂದು ಹೇಳುತ್ತವೆ. ಎರಡು ಮಹಡಿ ಮೆಟ್ಟಿಲು ಹತ್ತುವಷ್ಟರಲ್ಲಿ ಸುಸ್ತು, ಬಾಯಿಯ ಮೂಲೆ ಸೀಳುವುದು, ಉಗುರು ನಡುವೆ ತಗ್ಗಾಗಿ ಚಮಚದಂತೆ ಬಾಗುವುದು, ರಾತ್ರಿ ಕಾಲು ಆಡಿಸುತ್ತಲೇ ಇರಬೇಕು ಅನಿಸುವುದು. ಎಲ್ಲಕ್ಕಿಂತ ಸ್ಪಷ್ಟವಾದದ್ದು ಮನೆಯವರಿಂದ ಮುಚ್ಚಿಡುವ ಒಂದು ಚಟ: ಅಡುಗೆ ಮಾಡುತ್ತಾ ಹಸಿ ಅಕ್ಕಿ ಬಾಯಿಗೆ ಹಾಕಿಕೊಳ್ಳುವುದು, ಮಕ್ಕಳ ಬಳಪ ತಿನ್ನುವುದು, ಮೊದಲ ಮಳೆಯ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುವುದು, ಐಸ್ ಕಡಿಯುವುದು. ಇದಕ್ಕೆ ನಾಚಿಕೆ ಪಡಬೇಕಿಲ್ಲ, ಬೈಯುವುದಂತೂ ತಪ್ಪು. ಕಬ್ಬಿಣದ ಕೊರತೆಯಿಂದ ಹೀಗಾದವರಿಗೆ ಕೊರತೆ ತುಂಬಿದಂತೆ ಆ ಆಸೆ ತಾನಾಗೇ ಬಿಡುತ್ತದೆ.

## ಬೇಕಾಗುವ ಸಾಮಾನು

ದುಬಾರಿಯದು ಏನೂ ಇಲ್ಲ. ಒಂದು ರಕ್ತಪರೀಕ್ಷೆಯ ವರದಿ. ಕಾಳು ಮೊಳಕೆ ಕಟ್ಟಲು ತೆಳು ಹತ್ತಿಬಟ್ಟೆ. ಒಂದು ಕಬ್ಬಿಣದ ಬಾಣಲೆ, ಮನೆಯಲ್ಲಿದ್ದರೆ ಅಜ್ಜಿ ಕಾಲದ್ದೇ ಆಗಬಹುದು. ಮೊಬೈಲ್‌ನಲ್ಲಿ ಎರಡು ಅಲಾರಂ. ಮನೆಯಲ್ಲಿ ಯಾವತ್ತೂ ಇರುವಂತೆ ನಿಂಬೆಹಣ್ಣು, ಸೀಬೆಹಣ್ಣು ಅಥವಾ ನೆಲ್ಲಿಕಾಯಿ.

## ಹಂತ 1: ಕೊರತೆ ಕಬ್ಬಿಣದ್ದೇನಾ ಎಂದು ಖಾತ್ರಿ ಮಾಡಿಕೊಳ್ಳಿ

ಲ್ಯಾಬ್‌ನಲ್ಲಿ ಎರಡು ಪರೀಕ್ಷೆ ಕೇಳಿ: ಸಿಬಿಸಿ (ಎಲ್ಲ ರಕ್ತಕಣಗಳ ಎಣಿಕೆ) ಮತ್ತು ಫೆರಿಟಿನ್. ಬರೀ ಹಿಮೋಗ್ಲೋಬಿನ್ ನೋಡಿಸಿದರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಹಿಮೋಗ್ಲೋಬಿನ್ ಹೆಂಗಸರಲ್ಲಿ 12ಕ್ಕಿಂತ, ಗಂಡಸರಲ್ಲಿ 13ಕ್ಕಿಂತ, ಗರ್ಭಿಣಿಯರಲ್ಲಿ ಸಾಮಾನ್ಯವಾಗಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಫೆರಿಟಿನ್ 15ಕ್ಕಿಂತ ಕಡಿಮೆ ಇದ್ದರೆ ದಾಸ್ತಾನು ಖಾಲಿ. ಹಿಮೋಗ್ಲೋಬಿನ್ ಸರಿಯಿದ್ದು ಫೆರಿಟಿನ್ ಮಾತ್ರ ಬಿದ್ದಿರುವುದೂ ಉಂಟು. ಸುಸ್ತು ಆಗಲೇ ಶುರುವಾಗಿರುತ್ತದೆ, ವರದಿ ನೋಡಿದವರು "ನಾರ್ಮಲ್" ಅಂದುಬಿಡುತ್ತಾರೆ.

ಸಿಬಿಸಿಯಲ್ಲಿ ಎಂಸಿವಿ ಎಂಬ ಸಾಲು ಹುಡುಕಿ. ಅದು ರಕ್ತಕಣದ ಗಾತ್ರ. 80ಕ್ಕಿಂತ ಕಡಿಮೆ ಇದ್ದರೆ ಕಣ ಸಣ್ಣದಾಗಿದೆ. ಇದಕ್ಕೆ ಕಬ್ಬಿಣದ ಕೊರತೆಯೇ ಸಾಮಾನ್ಯ ಕಾರಣ. 100 ದಾಟಿದ್ದರೆ ಬಿ12 ಅಥವಾ ಫೋಲೇಟ್ ಎಂಬ ಜೀವಸತ್ವಗಳ ಕೊರತೆಯ ಅನುಮಾನ ಪಡಬೇಕು. ಹಾಲು, ಮೊಸರು ಕಡಿಮೆ ತಿನ್ನುವ ಸಸ್ಯಾಹಾರಿಗಳು, ಪಾದ ಜೋಮು ಹಿಡಿಯುವವರು ಬಿ12 ಕೂಡ ನೋಡಿಸಿಕೊಳ್ಳಿ. ಬಿ12 ಇಲ್ಲದಿದ್ದರೆ ಎಷ್ಟು ಕಬ್ಬಿಣ ಸುರಿದರೂ ಹೊಸ ಕಣ ಸರಿಯಾಗಿ ತಯಾರಾಗುವುದಿಲ್ಲ. ಎರಡೂ ಕೊರತೆ ಒಟ್ಟಿಗಿದ್ದರೆ ಎಂಸಿವಿ ನಡುವೆ ಎಲ್ಲೋ ನಿಂತು ದಾರಿ ತಪ್ಪಿಸುತ್ತದೆ.

ಎಂಸಿವಿ ತುಂಬಾ ಕಡಿಮೆ, ಆದರೆ ಫೆರಿಟಿನ್ ಚೆನ್ನಾಗಿದೆ, ಹಿಮೋಗ್ಲೋಬಿನ್ ವರ್ಷಗಟ್ಟಲೆ 10-11ರಲ್ಲೇ ನಿಂತಿದೆ ಅಂದರೆ ತಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆಯ ವಾಹಕರಾಗಿರಬಹುದು. ಇದು ಹುಟ್ಟಿನಿಂದ ಬಂದದ್ದು, ಕಬ್ಬಿಣದಿಂದ ಸರಿಹೋಗುವುದಿಲ್ಲ. ಇಂಥವರು ಸುಮ್ನೆ ವರ್ಷಗಟ್ಟಲೆ ಮಾತ್ರೆ ನುಂಗುವುದನ್ನು ನೋಡಿದರೆ ಸಂಕಟವಾಗುತ್ತದೆ. ಹಿಮೋಗ್ಲೋಬಿನ್ ಎಲೆಕ್ಟ್ರೋಫೋರೆಸಿಸ್ ಅಥವಾ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆಯಲ್ಲಿ ಇದು ಗೊತ್ತಾಗುತ್ತದೆ. ಮದುವೆ, ಮಕ್ಕಳ ಯೋಚನೆ ಇರುವವರಿಗೆ ಇದು ತಿಳಿದಿರಲೇಬೇಕು.

ಸಾಮಾನ್ಯ ತಪ್ಪು: ಜ್ವರ, ಸೋಂಕು ಇರುವಾಗ ಫೆರಿಟಿನ್ ನೋಡಿಸುವುದು. ಆಗ ಅದು ತಾನಾಗೇ ಏರುತ್ತದೆ, ಕೊರತೆ ಮುಚ್ಚಿಹೋಗುತ್ತದೆ. ಹುಷಾರಾದ ಮೇಲೆ ಕೆಲವು ವಾರ ಬಿಟ್ಟು ನೋಡಿಸಿ.

## ಹಂತ 2: ರಕ್ತ ಎಲ್ಲಿ ಹೋಗುತ್ತಿದೆ ಎಂದು ಹುಡುಕಿ

ಹೋಗುವುದು ನಿಲ್ಲದೆ ತುಂಬಿ ಪ್ರಯೋಜನವಿಲ್ಲ. ಮುಟ್ಟು ಏಳು ದಿನ ದಾಟುತ್ತಿದೆಯೇ? ಒಂದೆರಡು ಗಂಟೆಗೇ ಪ್ಯಾಡ್ ತುಂಬುತ್ತಿದೆಯೇ? ದೊಡ್ಡ ಗಡ್ಡೆ ಬೀಳುತ್ತಿದೆಯೇ? "ನಮ್ಮಮ್ಮನಿಗೂ ಹೀಗೇ ಆಗ್ತಿತ್ತು" ಎಂದು ಇದನ್ನು ಸಹಜವೆಂದುಕೊಂಡವರು ತುಂಬಾ ಜನ. ಇದಕ್ಕೆ ಚಿಕಿತ್ಸೆ ಇದೆ. ಸ್ತ್ರೀರೋಗ ತಜ್ಞರನ್ನು ಕಾಣಿ.

ಎರಡನೆಯದು ಕೊಕ್ಕೆಹುಳು. ಬರಿಗಾಲಲ್ಲಿ ಗದ್ದೆ, ತೋಟ, ಬಯಲಲ್ಲಿ ಓಡಾಡುವಾಗ ಪಾದದ ಚರ್ಮದ ಮೂಲಕ ಮೈ ಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನದಂದು ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಮಕ್ಕಳಿಗೆ ತಪ್ಪಿಸಬೇಡಿ. ಮನೆಯ ದೊಡ್ಡವರು ಡಾಕ್ಟರ ಕೇಳಿ ತೆಗೆದುಕೊಳ್ಳಿ. ಹೊಲಕ್ಕೆ ಹೋಗುವಾಗ ಚಪ್ಪಲಿ ಇರಲಿ.

ಮೂಲವ್ಯಾಧಿಯ ರಕ್ತ, ಮಂಡಿನೋವಿಗೆ ದಿನಾ ನುಂಗುವ ನೋವಿನ ಮಾತ್ರೆಯಿಂದ ಜಠರದ ಒಳಗೆ ಸೋರುವ ರಕ್ತ, ಇವೂ ಲೆಕ್ಕಕ್ಕೆ ಬರುತ್ತವೆ. ಡಾಕ್ಟರಿಗೆ ಮುಚ್ಚಿಡಬೇಡಿ.

## ಹಂತ 3: ಕಾಫಿ, ಟೀ ಹೊತ್ತು ಬದಲಿಸಿ

ಒಂದೇ ಒಂದು ಬದಲಾವಣೆ ಮಾಡಲು ನಿಮಗೆ ಸಾಧ್ಯ ಅಂತಾದರೆ ಇದನ್ನೇ ಮಾಡಿ. ದುಡ್ಡು ಖರ್ಚಿಲ್ಲ, ಲಾಭ ದೊಡ್ಡದು.

ನಮ್ಮ ಕಡೆ ತಿಂಡಿ ತಟ್ಟೆ ತೊಳೆಯುವ ಮುಂಚೆಯೇ ಕಾಫಿ ಬರುತ್ತದೆ. ಉತ್ತರ ಕರ್ನಾಟಕದಲ್ಲಿ ಅವಲಕ್ಕಿ, ಸುಸ್ಲಾ ಜೊತೆಗೇ ಚಹಾ. ಟೀ ಎಲೆಯ ಟ್ಯಾನಿನ್, ಕಾಫಿಯ ಇಂಥದೇ ಪದಾರ್ಥಗಳು ಊಟದ ಕಬ್ಬಿಣಕ್ಕೆ ಅಂಟಿಕೊಂಡು ಅದು ಕರಗದಂತೆ ಮಾಡುತ್ತವೆ. 1983ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಊಟದ ಜೊತೆ ಟೀ ಕುಡಿದಾಗ ಕಬ್ಬಿಣ ಹೀರಿಕೆ ನೂರಕ್ಕೆ 60ಕ್ಕೂ ಹೆಚ್ಚು, ಕಾಫಿ ಕುಡಿದಾಗ ಸುಮಾರು 40ರಷ್ಟು ಕುಸಿಯಿತು. ಅದರಲ್ಲೇ ಇನ್ನೊಂದು ಮುಖ್ಯ ವಿಷಯವೂ ಕಂಡಿತು. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿಯಿಂದ ತೊಂದರೆ ಆಗಲಿಲ್ಲ. ಊಟವಾಗಿ ಒಂದು ಗಂಟೆ ಕಳೆದು ಕುಡಿದ ಕಾಫಿ ಮಾತ್ರ ಜೊತೆಗೇ ಕುಡಿದಷ್ಟೇ ಕೆಡಿಸಿತು. ಯಾಕೆಂದರೆ ಊಟ ಆಗ ಇನ್ನೂ ಹೊಟ್ಟೆಯಲ್ಲೇ ಇರುತ್ತದೆ.

ಹಾಗಾಗಿ ಕ್ರಮ ಹೀಗಿರಲಿ:

1. ಎದ್ದ ಕೂಡಲೇ ಕಾಫಿ ಬೇಕೆನ್ನುವವರು ಆಗಲೇ ಕುಡಿದುಬಿಡಿ. ತಿಂಡಿ ಒಂದು ಗಂಟೆ ಬಿಟ್ಟು.
2. ತಿಂಡಿ ಅಥವಾ ಊಟವಾದ ಮೇಲೆ ಎರಡು ಗಂಟೆ ಕಾಫಿ, ಟೀ ಬೇಡ. ಅಲಾರಂ ಇಟ್ಟುಕೊಳ್ಳಿ. ಮೊದಲ ವಾರ ಕೈ ತಾನಾಗೇ ಲೋಟ ಹುಡುಕುತ್ತದೆ.
3. ಬಾಯಿ ಬಿಸಿಬಿಸಿ ಕೇಳಿದರೆ ಬಿಸಿನೀರಿಗೆ ನಿಂಬೆ ಹಿಂಡಿ ಕುಡಿಯಿರಿ.

ಗ್ರೀನ್ ಟೀ, ಬೆಲ್ಲದ ಟೀ, ಹಾಲಿಲ್ಲದ ಟೀ, ಯಾವುದಕ್ಕೂ ವಿನಾಯಿತಿ ಇಲ್ಲ. ಎಲೆ ಅದೇ.

ಮೊಸರು, ಮಜ್ಜಿಗೆ ಬಿಡಬೇಕಾ ಎಂದು ಕೇಳುವವರಿದ್ದಾರೆ. ಬೇಡ. ಹಾಲಿನ ಕ್ಯಾಲ್ಸಿಯಂ ಒಂದು ಹೊತ್ತಿನ ಕಬ್ಬಿಣಕ್ಕೆ ಸ್ವಲ್ಪ ಅಡ್ಡ ಬರುವುದು ನಿಜ. ಆದರೆ ದಿನವಿಡೀ ತರಹೇವಾರಿ ತಿನ್ನುವವರಲ್ಲಿ ಅದರ ಪರಿಣಾಮ ಚಿಕ್ಕದು. ಸಸ್ಯಾಹಾರಿಗಳಿಗೆ ಬಿ12 ಬರುವುದೂ ಅಲ್ಲಿಂದಲೇ. ಮೊಸರನ್ನದ ಮೇಲೆ ಸಿಟ್ಟು ಬೇಡ, ಕಬ್ಬಿಣದ ಮಾತ್ರೆಯಿಂದ ಮಾತ್ರ ಅದನ್ನು ದೂರವಿಡಿ.

## ಹಂತ 4: ಕಾಳು, ರಾಗಿಯಲ್ಲಿ ಅಂಟಿಕೊಂಡ ಕಬ್ಬಿಣ ಬಿಡಿಸಿ

ಹುರಳಿಯಲ್ಲಿ 100 ಗ್ರಾಂಗೆ 8 ಮಿಲಿಗ್ರಾಂಗೂ ಜಾಸ್ತಿ ಕಬ್ಬಿಣ ಇದೆ. ರಾಗಿಯಲ್ಲಿ ನಾಲ್ಕರಿಂದ ಐದು. ಆದರೆ ಕಾಳು, ಧಾನ್ಯದ ಹೊರಪದರದಲ್ಲಿ ಫೈಟೇಟ್ ಎಂಬ ಪದಾರ್ಥ ಇರುತ್ತದೆ. ಬೀಜ ತನ್ನ ಮೊಳಕೆಗಾಗಿ ರಂಜಕವನ್ನು ಹೀಗೆ ಕೂಡಿಡುತ್ತದೆ. ಇದು ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ರಾಗಿಯ ಕೆಂಪು ಸಿಪ್ಪೆಯಲ್ಲಿ ಟ್ಯಾನಿನ್ ಕೂಡ ಇದೆ. ಬೀಜ ಮೊಳೆಯಲು ಶುರುವಾದಾಗ ಅದರೊಳಗಿನ ಕಿಣ್ವ ಫೈಟೇಟನ್ನು ಒಡೆಯುತ್ತದೆ. ಹಿಟ್ಟು ಹುಳಿ ಬಂದಾಗಲೂ ಇದೇ ಆಗುತ್ತದೆ. ನಮ್ಮ ಅಡುಗೆಯಲ್ಲಿ ಈ ಎರಡೂ ದಾರಿ ಮೊದಲಿಂದಲೂ ಇವೆ, ಅವಸರದಲ್ಲಿ ಬಿಟ್ಟುಬಿಟ್ಟಿದ್ದೇವೆ.

ಹುರಳಿ, ಹೆಸರು, ಮಡಕಿ, ಅಳಸಂದೆ ಮೊಳಕೆ: ರಾತ್ರಿ ತೊಳೆದು ಕಾಳಿನ ಮೂರು ಪಾಲು ನೀರಲ್ಲಿ ನೆನೆಹಾಕಿ. ಬೆಳಿಗ್ಗೆ ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆಯಿರಿ. ಒದ್ದೆ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ತೂತಿನ ಪಾತ್ರೆಯಲ್ಲಿಡಿ. ಸಂಜೆ ಒಮ್ಮೆ ಬಟ್ಟೆಗೆ ನೀರು ಚಿಮುಕಿಸಿ. ಹೆಸರುಕಾಳು ಒಂದು ದಿನದಲ್ಲೇ ಬಾಲ ಬಿಡುತ್ತದೆ, ಹುರಳಿಗೆ ಒಂದೂವರೆ ದಿನ ಬೇಕಾಗಬಹುದು, ಚಳಿಗಾಲದಲ್ಲಿ ಇನ್ನೂ ಸ್ವಲ್ಪ. ಮೊಳಕೆ ಅಕ್ಕಿಕಾಳಿನಷ್ಟು ಉದ್ದವಾದರೆ ಸಾಕು. ಗಂಟು ಬಿಚ್ಚಿದಾಗ ಹಸಿ ಕಾಳಿನ ವಾಸನೆ ಬರಬೇಕು. ಕಮಟು ವಾಸನೆ, ಕೈಗೆ ಲೋಳೆ ಅಂಟಿದರೆ ಎಸೆಯಿರಿ. ಹಸಿಯಾಗಿ ತಿನ್ನಬೇಡಿ, ಒಂದು ಕುದಿ ಬೇಯಿಸಿ. ಮಕ್ಕಳಿಗೆ, ಗರ್ಭಿಣಿಯರಿಗೆ ಬೇಯಿಸಿಯೇ ಕೊಡಬೇಕು.

ಮೊಳಕೆ ರಾಗಿ ಹಿಟ್ಟು: ರಾಗಿ ಕಲ್ಲು, ಮಣ್ಣು ಹೋಗುವಷ್ಟು ತೊಳೆದು 12 ಗಂಟೆ ನೆನೆಸಿ, ನೀರು ಬಸಿದು ಬಟ್ಟೆಯಲ್ಲಿ ಕಟ್ಟಿ. ಒಂದೆರಡು ದಿನದಲ್ಲಿ ನೂಲಿನಂಥ ಬಿಳಿ ಬೇರು ಹೆಣೆದುಕೊಳ್ಳುತ್ತದೆ. ಬಿಡಿಸಿ ಹರಡಿ ಗರಿಗರಿಯಾಗಿ ಒಣಗಿಸಿ. ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು, ಕೈಯಲ್ಲಿ ಉಜ್ಜಿ ಬೇರು ಹಾರಿಸಿ, ಮಿಲ್ಲಿಗೆ ಕೊಡಿ. ಎಲ್ಲಾದರೂ ಹಸಿರು, ಕಪ್ಪು ಬೂಷ್ಟು ಕಂಡರೆ ಆ ಭಾಗ ಮಾತ್ರ ತೆಗೆದು ಉಳಿದದ್ದು ಬಳಸುವುದು ಬೇಡ, ಪೂರ್ತಿ ಎಸೆಯಿರಿ. ಮಗುವಿನ ಸರಿಗೆ ಇದೇ ಹಿಟ್ಟು ಒಳ್ಳೆಯದು.

ಹುಳಿ ಬರಿಸುವುದು: ಇಡ್ಲಿ, ದೋಸೆ ಹಿಟ್ಟು ರಾತ್ರಿಯಿಡೀ ಉಬ್ಬಬೇಕು. ಸೋಡಾ ಹಾಕಿ ದಿಢೀರ್ ಮಾಡಿದ್ದರಲ್ಲಿ ಈ ಲಾಭವಿಲ್ಲ. ರಾಗಿ ಹಿಟ್ಟನ್ನು ರಾತ್ರಿ ನೀರಲ್ಲಿ ಕಲಸಿಟ್ಟು, ಹುಳಿ ಬಂದ ಮೇಲೆ ಬೆಳಿಗ್ಗೆ ಕಾಯಿಸುವ ಅಂಬಲಿ, ರಾಗಿ ದೋಸೆ ಎರಡೂ ಚೆನ್ನ.

ಸಾಮಾನ್ಯ ತಪ್ಪು: ಕಾಳು ಮೊದಲು ಹುರಿದು ಆಮೇಲೆ ನೆನೆಸುವುದು. ಬಿಸಿಗೆ ಕಿಣ್ವ ಸತ್ತುಹೋಗುತ್ತದೆ. ನೆನೆಸುವುದು ಮೊದಲು, ಹುರಿಯುವುದು ಆಮೇಲೆ.

ಈರುಳ್ಳಿ, ಬೆಳ್ಳುಳ್ಳಿಯ ಬಗ್ಗೆಯೂ ಒಂದು ಮಾತು. ಇವನ್ನು ಧಾನ್ಯ, ಬೇಳೆಯ ಜೊತೆ ಸೇರಿಸಿದಾಗ ಕಬ್ಬಿಣ ಜಾಸ್ತಿ ಬಿಡುಗಡೆಯಾಗುತ್ತದೆ ಎಂದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2010ರಲ್ಲಿ ತೋರಿಸಿದ್ದಾರೆ. ಅದು ಪ್ರಯೋಗಾಲಯದ ಪರೀಕ್ಷೆ, ಮನುಷ್ಯರ ಮೇಲಿನದಲ್ಲ. ಆದರೂ ತಿನ್ನುವ ಮನೆಯವರು ಉಪ್ಸಾರಿನ ಖಾರಕ್ಕೆ ನಾಲ್ಕು ಎಸಳು ಬೆಳ್ಳುಳ್ಳಿ ಹೆಚ್ಚಿಗೆ ಹಾಕಿದರೆ ನಷ್ಟವೇನಿಲ್ಲ.

## ಹಂತ 5: ಪ್ರತಿ ಊಟಕ್ಕೂ ಸಿ ಜೀವಸತ್ವ ಸೇರಿಸಿ

ಸಿ ಜೀವಸತ್ವ ಕಬ್ಬಿಣವನ್ನು ಕರಗುವ ರೂಪಕ್ಕೆ ತರುತ್ತದೆ, ಫೈಟೇಟ್ ಮತ್ತು ಟ್ಯಾನಿನ್‌ನ ಹಿಡಿತ ಸಡಿಲಿಸುತ್ತದೆ. ಷರತ್ತು ಒಂದೇ: ಅದೇ ಊಟದ ಜೊತೆ ಹೊಟ್ಟೆಗೆ ಹೋಗಬೇಕು. ಮಧ್ಯಾಹ್ನ ಮುದ್ದೆ ಉಂಡು ಸಂಜೆ ಕಿತ್ತಳೆ ತಿಂದರೆ ಮುದ್ದೆಯ ಕಬ್ಬಿಣಕ್ಕೆ ಉಪಯೋಗವಿಲ್ಲ.

ಯಾವುದರಲ್ಲಿ ಎಷ್ಟಿದೆ ಎಂದು ಗೊತ್ತಿರಲಿ. ಒಂದು ಮಧ್ಯಮ ಸೀಬೆಹಣ್ಣಿನಲ್ಲಿ ಸುಮಾರು 200 ಮಿಲಿಗ್ರಾಂ, ಒಂದು ಬೆಟ್ಟದ ನೆಲ್ಲಿಕಾಯಿಯಲ್ಲಿ ಸುಮಾರು 100. ಅರ್ಧ ನಿಂಬೆಹಣ್ಣಿನಲ್ಲಿ 10ಕ್ಕಿಂತಲೂ ಕಡಿಮೆ. ನಿಂಬೆ ಒಳ್ಳೆಯದೇ, ಅದರ ಹುಳಿಯೂ ಸಹಾಯ ಮಾಡುತ್ತದೆ. ಆದರೆ ಚಿತ್ರಾನ್ನದ ಮೇಲೆ ನಾಲ್ಕು ಹನಿ ಹಿಂಡಿ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಊಟದ ಕೊನೆಗೆ ಒಂದು ಸೀಬೆಹಣ್ಣು, ಇಲ್ಲವೇ ಹಸಿ ನೆಲ್ಲಿಕಾಯಿಯ ಚಟ್ನಿ ಇಟ್ಟುಕೊಳ್ಳಿ. ಹಸಿ ದಪ್ಪಮೆಣಸಿನಕಾಯಿ ಹೆಚ್ಚಿದ ಕೋಸಂಬರಿಯೂ ಆಗಬಹುದು. ಸಿ ಜೀವಸತ್ವ ಬಿಸಿಗೆ ಹಾಳಾಗುತ್ತದೆ. ನಿಂಬೆ ಹಿಂಡುವುದು ಒಲೆ ಆರಿಸಿದ ಮೇಲೆ. ವರ್ಷದ ಹಿಂದಿನ ನೆಲ್ಲಿಕಾಯಿ ಉಪ್ಪಿನಕಾಯಿಯನ್ನು ಇದಕ್ಕೆ ನಂಬಬೇಡಿ.

ಈಗ ಬೀಟ್‌ರೂಟ್ ವಿಷಯ. ಅದರ ಬಣ್ಣ ರಕ್ತದಂತಿದೆ, ಅಷ್ಟೇ. 100 ಗ್ರಾಂ ಬೀಟ್‌ರೂಟ್‌ನಲ್ಲಿ 1 ಮಿಲಿಗ್ರಾಂ ಕಬ್ಬಿಣವೂ ಇಲ್ಲ. ದಾಳಿಂಬೆಯಲ್ಲಿ ಇನ್ನೂ ಕಡಿಮೆ. ಬೆಲ್ಲದಲ್ಲಿದೆ, ಆದರೆ 10 ಗ್ರಾಂ ತುಂಡಿನಿಂದ ಸಿಗುವುದು ಅರ್ಧ ಮಿಲಿಗ್ರಾಂ. ಅದಕ್ಕಾಗಿ ಬೆಲ್ಲ ಜಾಸ್ತಿ ತಿಂದರೆ ಸಕ್ಕರೆಯೇ ಜಾಸ್ತಿಯಾಗುವುದು. ಎಷ್ಟೋ ಮನೆಯಲ್ಲಿ ಬಾಣಂತಿಗೆ, ಮಕ್ಕಳಿಗೆ ದುಬಾರಿ ದಾಳಿಂಬೆ ತರುತ್ತಾರೆ. ಅದೇ ದುಡ್ಡಿಗೆ ಹುರಳಿ, ಎಳ್ಳು, ದಂಟಿನ ಸೊಪ್ಪು, ಸೀಬೆಹಣ್ಣು ಬಂದರೆ ಎಷ್ಟೋ ಮೇಲು. ಪಾಲಕ್‌ಗಿಂತ ದಂಟು, ಹರಿವೆ, ನುಗ್ಗೆ ಸೊಪ್ಪಿನಲ್ಲಿ ಕಬ್ಬಿಣ ಜಾಸ್ತಿ.

ಒಂದು ತಟ್ಟೆ ಲೆಕ್ಕ ಹಾಕಿ ನೋಡೋಣ. 100 ಗ್ರಾಂ ಹಿಟ್ಟಿನ ರಾಗಿ ಮುದ್ದೆ, ಒಂದು ಹಿಡಿ ಮೊಳಕೆ ಹುರಳಿ ಹಾಕಿದ ದಂಟಿನ ಸೊಪ್ಪಿನ ಬಸ್ಸಾರು. ತಟ್ಟೆಯಲ್ಲಿ ಒಟ್ಟು 10ರಿಂದ 11 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ನೂರಕ್ಕೆ ಐದು ಪಾಲು ಮಾತ್ರ ಹತ್ತಿದರೆ ಸಿಗುವುದು ಅರ್ಧ ಮಿಲಿಗ್ರಾಂ. ಮೇಲೆ ಟೀ ಬಿದ್ದರೆ ಅದೂ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಅದೇ ತಟ್ಟೆಗೆ ಸೀಬೆಹಣ್ಣು ಸೇರಿ, ಟೀ ದೂರವಾಗಿ, ನೂರಕ್ಕೆ ಹತ್ತು ಪಾಲು ಹತ್ತಿದರೆ 1 ಮಿಲಿಗ್ರಾಂ ದಾಟುತ್ತದೆ. ಬಸ್ಸಾರಿನಲ್ಲಿ ಸೊಪ್ಪು ಬಸಿದ ಕಟ್ಟನ್ನು ನಾವು ಸಾರಿಗೇ ಬಳಸುತ್ತೇವೆ. ಇದು ಒಳ್ಳೆಯ ಪದ್ಧತಿ, ನೀರಿಗೆ ಇಳಿದ ಫೋಲೇಟ್ ಚರಂಡಿಗೆ ಹೋಗುವುದಿಲ್ಲ.

ಮಾಂಸಾಹಾರಿಗಳಿಗೆ ದಾರಿ ಸುಲಭ. ಮಾಂಸ, ಮೀನಿನ ಒಂದು ಪಾಲು ಕಬ್ಬಿಣ ಬೇರೆ ರೂಪದಲ್ಲಿರುತ್ತದೆ, ಅದರಲ್ಲಿ ನೂರಕ್ಕೆ 15ರಿಂದ 35 ಪಾಲು ಹತ್ತುತ್ತದೆ. ಜೊತೆಗೆ ಅದೇ ತಟ್ಟೆಯ ಸೊಪ್ಪು, ಕಾಳಿನ ಕಬ್ಬಿಣವನ್ನೂ ಎಳೆದುಕೊಂಡು ಹೋಗುತ್ತದೆ. ಭಾನುವಾರ ಒಂದು ಕೆಜಿ ಮಟನ್ ತಂದು ಒಂದೇ ದಿನ ತಿನ್ನುವ ಬದಲು, ವಾರದಲ್ಲಿ ಎರಡು ಮೂರು ದಿನ ಸ್ವಲ್ಪ ಸ್ವಲ್ಪ ಮಾಡಿ, ಮುದ್ದೆ ಅಥವಾ ರೊಟ್ಟಿಯ ಜೊತೆ ತಿನ್ನಿ. ಲಿವರ್ ಒಳ್ಳೆಯದು, ಆದರೆ ಗರ್ಭಿಣಿಯರಿಗೆ ಬೇಡ, ಅದರಲ್ಲಿ ಎ ಜೀವಸತ್ವ ಅತಿಯಾಗಿರುತ್ತದೆ. ಮೊಟ್ಟೆ ಪ್ರೋಟೀನಿಗೆ, ಬಿ12ಗೆ ಚೆನ್ನ. ಕಬ್ಬಿಣಕ್ಕೆ ಅದನ್ನೇ ನೆಚ್ಚಬೇಡಿ.

ಪಡಿತರ ಅಕ್ಕಿಯಲ್ಲಿ ಸ್ವಲ್ಪ ಬೇರೆ ಬಣ್ಣದ, ನೀರಿಗೆ ಹಾಕಿದರೆ ತೇಲುವ ಕಾಳು ಕಂಡರೆ ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ತಂದು, ನೂರಕ್ಕೆ ಒಂದರಂತೆ ಬೆರೆಸಿರುತ್ತಾರೆ. ಆರಿಸಿ ಎಸೆಯಬೇಡಿ. ತಲಸ್ಸೀಮಿಯಾ ಇರುವವರು ಮಾತ್ರ ಡಾಕ್ಟರನ್ನು ಕೇಳಬೇಕು.

## ಹಂತ 6: ಕಬ್ಬಿಣದ ಬಾಣಲೆ

ಟೊಮೆಟೊ ಗೊಜ್ಜು, ಹುಣಸೆಹುಳಿ ಹಾಕಿದ ಪಲ್ಯದಂಥ ಹುಳಿ ಅಡುಗೆ ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಾಣಲೆಯ ಕಬ್ಬಿಣ ಅಡುಗೆಗೆ ಇಳಿಯುತ್ತದೆ. ಆದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ, ಅದರಲ್ಲೇ ಬಿಟ್ಟರೆ ಕಪ್ಪಾಗಿ ಕಹಿಯಾಗುತ್ತದೆ. ತುಕ್ಕು ಹಿಡಿದಿದ್ದರೆ ಉಜ್ಜಿ ತೊಳೆದು ಎಣ್ಣೆ ಸವರಿಡಿ. ನಾನ್‌ಸ್ಟಿಕ್ ಲೇಪನದ ಕಾವಲಿಯಿಂದ ಈ ಪ್ರಯೋಜನ ಇಲ್ಲ.

## ಹಂತ 7: ಮಾತ್ರೆ ತೆಗೆದುಕೊಳ್ಳುವ ರೀತಿ

ಕೊರತೆ ಖಚಿತವಾದ ಮೇಲೆ ಬರೀ ಊಟದಿಂದ ತುಂಬಲು ತುಂಬಾ ಕಾಲ ಬೇಕು. ಮಾತ್ರೆ ಬೇಕೇ ಬೇಕು. ಊಟದ ಕ್ರಮ ಆ ಮಾತ್ರೆಯ ಕೆಲಸ ಉಳಿಸಿಕೊಳ್ಳಲು. ಆಶಾ ಕಾರ್ಯಕರ್ತೆಯರು ಹೆಂಗಸರಿಗೆ ಕೊಡುವ ಕೆಂಪು ಮಾತ್ರೆ, ಹದಿಹರೆಯದವರಿಗೆ ಕೊಡುವ ನೀಲಿ ಮಾತ್ರೆ ಎರಡರಲ್ಲೂ 60 ಮಿಲಿಗ್ರಾಂ ಕಬ್ಬಿಣ ಮತ್ತು ಫೋಲಿಕ್ ಆಮ್ಲ ಇರುತ್ತದೆ. ಉಚಿತವಾಗಿ ಸಿಗುತ್ತದೆಂದು ಕಡೆಗಣಿಸಬೇಡಿ. ಅಂಗಡಿಯ ಮಾತ್ರೆ ಕೊಂಡರೆ ಪಟ್ಟಿಯ ಮೇಲೆ "ಎಲಿಮೆಂಟಲ್ ಐರನ್" ಎಷ್ಟೆಂದು ನೋಡಿ. ನಿಜವಾದ ಪ್ರಮಾಣ ಅದೇ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಿಂಬೆ ನೀರಿನ ಜೊತೆ ನುಂಗಿ, ಒಂದು ಗಂಟೆ ಏನೂ ಬೇಡ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾಗಿ ಎರಡು ಗಂಟೆ ಬಿಟ್ಟು ನುಂಗಿ. ಅದೂ ಆಗದಿದ್ದರೆ ಸ್ವಲ್ಪ ಆಹಾರದ ಜೊತೆ ತೆಗೆದುಕೊಳ್ಳಿ. ಬಿಟ್ಟುಬಿಡುವುದಕ್ಕಿಂತ ಅದು ಮೇಲು. ಹಾಲು, ಕಾಫಿ, ಟೀ ಮಾತ್ರ ಯಾವ ಹೊತ್ತಿಗೂ ಜೊತೆಗೆ ಬೇಡ.

ಗರ್ಭಿಣಿಯರು ಮಾಡುವ ದೊಡ್ಡ ತಪ್ಪು ಇಲ್ಲಿದೆ. ಕಬ್ಬಿಣ, ಕ್ಯಾಲ್ಸಿಯಂ ಎರಡೂ ಮಾತ್ರೆ ಒಟ್ಟಿಗೆ ಕೊಟ್ಟಿರುತ್ತಾರೆ, ಒಟ್ಟಿಗೇ ನುಂಗುತ್ತಾರೆ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಇರಲಿ. ಕಬ್ಬಿಣ ಬೆಳಿಗ್ಗೆ, ಕ್ಯಾಲ್ಸಿಯಂ ಊಟದ ಜೊತೆ ಎಂದು ಹಂಚಿಕೊಂಡರೆ ಮರೆಯುವುದಿಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ನಾಲ್ಕು ಗಂಟೆ ಅಂತರ ಇಡಿ. ಗ್ಯಾಸ್‌ಗೆಂದು ದಿನಾ ಮಾತ್ರೆ ನುಂಗುವವರಲ್ಲಿ ಜಠರದ ಆಮ್ಲ ಕಡಿಮೆಯಾಗಿ ಕಬ್ಬಿಣ ಸರಿಯಾಗಿ ಕರಗುವುದಿಲ್ಲ. ಅದು ನಿಜಕ್ಕೂ ಬೇಕಾ ಎಂದು ಡಾಕ್ಟರನ್ನು ಕೇಳಿ.

ಬೇಗ ಏರಲಿ ಎಂದು ದಿನಕ್ಕೆರಡು ನುಂಗಬೇಡಿ. ಮಾತ್ರೆ ನುಂಗಿದ ಮೇಲೆ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನು ಬಿಟ್ಟು, ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಒಂದಷ್ಟು ಮುಚ್ಚುತ್ತದೆ. ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಜಾಸ್ತಿ ಪಾಲು ಹತ್ತುತ್ತದೆ ಎಂದು ಜ್ಯೂರಿಕ್‌ನ ಸಂಶೋಧಕರು ಕಬ್ಬಿಣ ಕಡಿಮೆಯಿದ್ದ ಹೆಂಗಸರಲ್ಲಿ 2017ರಲ್ಲಿ ತೋರಿಸಿದರು. ಹೊಟ್ಟೆ ಉರಿ, ಮಲಬದ್ಧತೆಯಿಂದ ಮಾತ್ರೆ ಬಿಟ್ಟವರು ಈ ಕ್ರಮ ನಿಮಗೆ ಆಗುತ್ತದಾ ಎಂದು ಡಾಕ್ಟರನ್ನು ಕೇಳಬಹುದು. ಗರ್ಭಿಣಿಯರು ತಾವಾಗಿ ಬದಲಿಸಬಾರದು.

ಮಾತ್ರೆ ಶುರುವಾದ ಮೇಲೆ ಮಲ ಕಪ್ಪಾಗುವುದು ಸಹಜ, ಹೆದರಬೇಡಿ. ಮೊದಲೇ ಹೇಳಿದ ಅಂಟಂಟು ಡಾಂಬರಿನಂಥದ್ದು ಬೇರೆ.

ಎಚ್ಚರ: ಚಿಕ್ಕ ಮಗು ಒಂದು ಹಿಡಿ ಕಬ್ಬಿಣದ ಮಾತ್ರೆ ನುಂಗಿದರೆ ಜೀವಕ್ಕೇ ಅಪಾಯ. ಕೆಂಪು ಮಾತ್ರೆ ಮಕ್ಕಳಿಗೆ ಪೆಪ್ಪರಮೆಂಟಿನಂತೆ ಕಾಣುತ್ತದೆ. ಕೈಗೆಟುಕದ ಕಡೆ, ಮುಚ್ಚಳ ಬಿಗಿದು ಇಡಿ. ನುಂಗಿದ ಅನುಮಾನ ಬಂದರೆ ವಾಂತಿಗೆ ಕಾಯದೆ ಆಸ್ಪತ್ರೆಗೆ ಓಡಿ.

ಮಕ್ಕಳ ಬಗ್ಗೆ ಇನ್ನೊಂದು ಮಾತು. ಒಂದು ವರ್ಷದೊಳಗಿನ ಕೂಸಿಗೆ ಎದೆಹಾಲಿನ ಬದಲು ಹಸುವಿನ ಹಾಲು ಕೊಡಬಾರದು. ಆಮೇಲೂ ಊಟ ಬಿಟ್ಟು ದಿನಕ್ಕೆ ಅರ್ಧ ಲೀಟರಿಗಿಂತ ಜಾಸ್ತಿ ಹಾಲೇ ಕುಡಿಯುವ ಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ.

## ಹಂತ 8: ಮತ್ತೆ ಪರೀಕ್ಷೆ, ಏರದಿದ್ದರೆ ಹುಡುಕಾಟ

ನಾಲ್ಕು ವಾರಕ್ಕೆ ಸಿಬಿಸಿ ಮಾಡಿಸಿ. ಎಲ್ಲ ಸರಿಯಿದ್ದರೆ ಹಿಮೋಗ್ಲೋಬಿನ್ ಒಂದರಿಂದ ಎರಡು ಗ್ರಾಂ ಏರಿರುತ್ತದೆ. ಸಾಮಾನ್ಯ ಮಟ್ಟ ತಲುಪಿದ ಮೇಲೂ ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕು. ರಕ್ತ ಮೊದಲು ತುಂಬುತ್ತದೆ, ದಾಸ್ತಾನು ಆಮೇಲೆ. ಹನ್ನೆರಡು ಕಂಡ ಕೂಡಲೇ ಮಾತ್ರೆ ಬಿಟ್ಟವರೇ ಮತ್ತೆ ಸುಸ್ತು ಎಂದು ಬರುವುದು. ಕೊನೆಗೆ ಫೆರಿಟಿನ್ ನೋಡಿಸಿ ನಿಲ್ಲಿಸಿ. ಕೊರತೆ ಇಲ್ಲದೆ ವರ್ಷಗಟ್ಟಲೆ ನುಂಗುವುದೂ ಒಳ್ಳೆಯದಲ್ಲ, ಜಾಸ್ತಿಯಾದ ಕಬ್ಬಿಣವನ್ನು ಹೊರಹಾಕಲು ಮೈಗೆ ದಾರಿಯಿಲ್ಲ.

ನಾಲ್ಕು ವಾರದಲ್ಲಿ ಏನೂ ಏರದಿದ್ದರೆ ಮೊದಲು ಮಾತ್ರೆ ನಿಜಕ್ಕೂ ನುಂಗಿದ್ದೀರಾ, ಯಾವುದರ ಜೊತೆ ನುಂಗಿದಿರಿ ಎಂದು ಪ್ರಾಮಾಣಿಕವಾಗಿ ನೋಡಿ. ಆಮೇಲೆ ಹಂತ 2ಕ್ಕೆ ವಾಪಸ್ ಹೋಗಿ, ರಕ್ತ ಇನ್ನೂ ಹೋಗುತ್ತಿದೆಯಾ ನೋಡಿ. ಬಿ12, ತಲಸ್ಸೀಮಿಯಾ ಪರೀಕ್ಷೆ ಬಿಟ್ಟಿದ್ದರೆ ಈಗ ಮಾಡಿಸಿ. ಎಚ್. ಪೈಲೋರಿ ಎಂಬ ಜಠರದ ಸೋಂಕು, ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆ ಇದ್ದರೂ ಕಬ್ಬಿಣ ಹತ್ತುವುದಿಲ್ಲ. ಇವಕ್ಕೆ ಬೇರೆ ಚಿಕಿತ್ಸೆ ಇದೆ, ಬೇಕಾದರೆ ಕಬ್ಬಿಣವನ್ನು ನರಕ್ಕೇ ಡ್ರಿಪ್ ಮೂಲಕ ಕೊಡುತ್ತಾರೆ.

ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡರೆ, ಮಾತ್ರೆಯಿಂದ ಏರಿದರೂ ಸರಿ, ಏರದಿದ್ದರೂ ಸರಿ, ಅಲ್ಲಿಗೆ ಬಿಡಬೇಡಿ. ಹೋಗಲು ಬೇರೆ ದಾರಿ ಇಲ್ಲದಾಗ ರಕ್ತ ಹೆಚ್ಚಾಗಿ ಹೋಗುವುದು ಜಠರ ಅಥವಾ ಕರುಳಿನಿಂದ. ಹುಣ್ಣಿರಬಹುದು, ಗಡ್ಡೆಯಿರಬಹುದು. ಎಂಡೋಸ್ಕೋಪಿ, ಕೊಲೊನೋಸ್ಕೋಪಿ (ಕ್ಯಾಮೆರಾ ಇರುವ ನಳಿಕೆ ಹಾಕಿ ಜಠರ, ಕರುಳು ನೋಡುವ ಪರೀಕ್ಷೆ) ಬೇಕಾ ಎಂದು ಡಾಕ್ಟರನ್ನು ನೀವೇ ಬಾಯಿಬಿಟ್ಟು ಕೇಳಿ.